ಏರಿಕೆ ಕ್ರಮ, ಇಳಿಕೆ ಕ್ರಮ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಖ್ಯೆಗಳನ್ನು ಜೋಡಿಸುವುದು ಚಿಕ್ಕ ಮಕ್ಕಳ ಲೆಕ್ಕ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಈ ವಿಷಯದಲ್ಲಿ ನನ್ನನ್ನು ಕೇಳುವವರಲ್ಲಿ ದೊಡ್ಡವರೇ ಜಾಸ್ತಿ. ಮಕ್ಕಳಿಗೆ ಹೋಮ್‌ವರ್ಕ್ ಮಾಡಿಸುವವರು, ಆಫೀಸಿನಲ್ಲಿ ಪಟ್ಟಿ ಮಾಡುವವರು, ಹೊಸದಾಗಿ ಕೋಡಿಂಗ್ ಕಲಿಯುತ್ತಿರುವವರು, ಹೀಗೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಏರಿಕೆ ಯಾವುದು, ಇಳಿಕೆ ಯಾವುದು? ನನಗೆ ಪ್ರತಿ ಸಲ ಉಲ್ಟಾ ಆಗುತ್ತೆ.

ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ ಏರಿಕೆ. ದೊಡ್ಡದರಿಂದ ಚಿಕ್ಕದಕ್ಕೆ ಬಂದರೆ ಇಳಿಕೆ. ಕೆಲವು ಪುಸ್ತಕಗಳಲ್ಲಿ ಆರೋಹಣ, ಅವರೋಹಣ ಎಂದಿರುತ್ತದೆ, ಅದೂ ಇದೇ. ಬರೆದದ್ದನ್ನು ಎಡದಿಂದ ಓದುತ್ತೀರಲ್ಲ, ಹಾಗೆಯೇ ಎಡದಿಂದ ನಡೆಯಿರಿ. ಹತ್ತುತ್ತಿದ್ದೀರೋ ಇಳಿಯುತ್ತಿದ್ದೀರೋ ನೋಡಿ. ಬರೆದಾದ ಮೇಲೆ ಮೊದಲನೆಯದನ್ನೂ ಕೊನೆಯದನ್ನೂ ಒಮ್ಮೆ ನೋಡಿದರೆ ಸಾಕು, ಉಲ್ಟಾ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ದೊಡ್ಡ ದೊಡ್ಡ ಸಂಖ್ಯೆ ಕೊಟ್ಟರೆ ಎಲ್ಲಿಂದ ಶುರು ಮಾಡೋದು?

ಅಂಕಿ ಎಣಿಸುವುದರಿಂದ. 40,312, 9,987, 40,231, 4,03,120 ಎಂದು ಕೊಟ್ಟಿದ್ದಾರೆ ಅಂದುಕೊಳ್ಳಿ. 4,03,120ರಲ್ಲಿ ಆರು ಅಂಕಿ. ಬೇರೆ ಯಾವುದರಲ್ಲೂ ಅಷ್ಟಿಲ್ಲ, ಅದೇ ದೊಡ್ಡದು. 9,987ರಲ್ಲಿ ನಾಲ್ಕೇ ಅಂಕಿ, ಅದೇ ಚಿಕ್ಕದು. ಅದರಲ್ಲಿ ಎಷ್ಟು 9 ಇದ್ದರೂ ಅಷ್ಟೇ. ಉಳಿದ ಎರಡರಲ್ಲೂ ಐದೈದು ಅಂಕಿ. ಈಗ ಎಡಗಡೆಯಿಂದ ಒಂದೊಂದೇ ಅಂಕಿ ಹೋಲಿಸಿ. 4ಕ್ಕೆ 4 ಸಮ. 0ಗೆ 0 ಸಮ. ಮುಂದಿನದು ಒಂದರಲ್ಲಿ 3, ಇನ್ನೊಂದರಲ್ಲಿ 2. ಇಲ್ಲಿಗೆ ತೀರ್ಮಾನ ಆಯಿತು, ಹಿಂದಿರುವ ಅಂಕಿಗಳನ್ನು ನೋಡುವ ಹಾಗೇ ಇಲ್ಲ. ಉತ್ತರ: 9,987 < 40,231 < 40,312 < 4,03,120.

ಒಂದೇ ಎಚ್ಚರಿಕೆ: ಮುಂದೆ ಸುಮ್ನೆ ನಿಂತಿರುವ ಸೊನ್ನೆಯನ್ನು ಅಂಕಿ ಎಂದು ಎಣಿಸಬೇಡಿ. 0098 ಎಂದರೆ ಬರೀ 98.

< ಮತ್ತು > ಗುರುತು ನೆನಪಿಟ್ಟುಕೊಳ್ಳೋದು ಹೇಗೆ?

ಬಾಯಿ ಯಾವಾಗಲೂ ದೊಡ್ಡದರ ಕಡೆ, ಚೂಪು ತುದಿ ಚಿಕ್ಕದರ ಕಡೆ. ಈ ಗುರುತುಗಳು ಮೊದಲು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್‌ನ ಪುಸ್ತಕದಲ್ಲಿ. ಅಷ್ಟೊತ್ತಿಗೆ ಆತ ತೀರಿಕೊಂಡು ಹತ್ತು ವರ್ಷ ಆಗಿತ್ತು.

ಒಂದೇ ಸಂಖ್ಯೆ ಎರಡು ಸಲ ಬಂದರೆ ಒಂದನ್ನು ಬಿಡಬಹುದಾ?

ಬಿಡಬಾರದು. ಕೊಟ್ಟದ್ದು ಎಂಟಿದ್ದರೆ ಉತ್ತರದಲ್ಲೂ ಎಂಟಿರಬೇಕು. ಸಮ ಇರುವವನ್ನು ಪಕ್ಕಪಕ್ಕದಲ್ಲೇ ಬರೆಯಿರಿ.

ಇಪ್ಪತ್ತು ಮೂವತ್ತು ಸಂಖ್ಯೆ ಇದ್ದರೆ ಯಾವುದೋ ಒಂದು ಬಿಟ್ಟೇ ಹೋಗುತ್ತೆ. ಏನು ಮಾಡಲಿ?

ಇಡೀ ಪಟ್ಟಿಯಲ್ಲಿ ಚಿಕ್ಕದನ್ನು ಹುಡುಕಿ, ಮತ್ತೆ ಅದಕ್ಕಿಂತ ಸ್ವಲ್ಪ ದೊಡ್ಡದನ್ನು ಹುಡುಕಿ, ಹೀಗೆ ಹೋದರೆ ಕಣ್ಣು ಸೋಲುತ್ತದೆ. ಮೊದಲು ಗುಂಪು ಮಾಡಿ. ಎಲ್ಲವೂ 100ರ ಒಳಗಿದ್ದರೆ ಹತ್ತರೊಳಗಿನವು, ಹತ್ತರ ಮನೆಯವು, ಇಪ್ಪತ್ತರ ಮನೆಯವು ಎಂದು ಸಾಲು ಹಾಕಿ. ಪಟ್ಟಿಯನ್ನು ಒಂದೇ ಸಲ ಓದುತ್ತಾ, ಒಂದೊಂದನ್ನೂ ಅದರ ಸಾಲಿಗೆ ಬರೆದು, ಮೂಲದಲ್ಲಿ ಹೊಡೆದುಹಾಕಿ. ಆಮೇಲೆ ಪ್ರತಿ ಸಾಲಿನಲ್ಲೂ ಜೋಡಿಸಬೇಕಾದದ್ದು ಮೂರೋ ನಾಲ್ಕೋ ಇರುತ್ತದೆ. ಕೊನೆಗೆ ಒಟ್ಟು ಎಷ್ಟು ಎಂದು ಎಣಿಸಿ. ಎಣಿಸುವುದಕ್ಕೆ ಬೇಜಾರು ಪಡುವವರೇ ಒಂದನ್ನು ಕಳೆದುಕೊಳ್ಳುವುದು.

## ಕಾಲು ಜಾರುವ ಜಾಗಗಳು

-7 ದೊಡ್ಡದಾ, -2 ದೊಡ್ಡದಾ? 7 ದೊಡ್ಡದಲ್ವಾ?

-2 ದೊಡ್ಡದು. ಸಂಖ್ಯಾ ರೇಖೆಯಲ್ಲಿ ಬಲಕ್ಕೆ ಇರುವುದೇ ಯಾವಾಗಲೂ ದೊಡ್ಡದು. ಸೊನ್ನೆಯಿಂದ ಎಡಕ್ಕೆ ಏಳು ಹೆಜ್ಜೆ ಹೋದವನು ಎರಡು ಹೆಜ್ಜೆ ಹೋದವನಿಗಿಂತ ಹಿಂದೆ ಇದ್ದಾನೆ. ಚಳಿಯಲ್ಲಿ ಯೋಚಿಸಿ: -7 ಡಿಗ್ರಿ ಎಂದರೆ -2ಕ್ಕಿಂತ ಕಡಿಮೆ ತಾಪಮಾನ. ಬೆರೆತ ಪಟ್ಟಿ ಬಂದರೆ ಮೈನಸ್ ಇರುವವನ್ನು ಬೇರೆ ತೆಗೆದು, ಮೈನಸ್ ಮರೆತು ಇಳಿಕೆ ಕ್ರಮದಲ್ಲಿ ಜೋಡಿಸಿ, ಮತ್ತೆ ಮೈನಸ್ ಹಾಕಿ. ಅದು ಏರಿಕೆ ಆಗಿರುತ್ತದೆ. 4, -7, 0, -2, 3 ಎಂಬುದು -7, -2, 0, 3, 4 ಆಗುತ್ತದೆ.

0.45 ದೊಡ್ಡದು, 0.5 ಚಿಕ್ಕದು ಅಂತ ಮಗಳು ಹಟ ಮಾಡ್ತಾಳೆ. ಹೇಗೆ ತಿಳಿಸಲಿ?

ತಪ್ಪು ಅವಳದ್ದಲ್ಲ, ನಾವು ಓದುವ ರೀತಿಯದ್ದು. 'ಸೊನ್ನೆ ಪಾಯಿಂಟ್ ನಲವತ್ತೈದು' ಎಂದು ಓದಿದರೆ ನಲವತ್ತೈದು ಐದಕ್ಕಿಂತ ದೊಡ್ಡದೇ ಅಲ್ವಾ? 'ಸೊನ್ನೆ ಪಾಯಿಂಟ್ ನಾಲ್ಕು ಐದು' ಎಂದು ಓದಿಸಿ. ಪಾಯಿಂಟ್ ಆದ ಮೇಲಿನ ಮೊದಲ ಮನೆ ಹತ್ತರಲ್ಲಿ ಒಂದು ಭಾಗದ್ದು, ಎರಡನೆಯದು ನೂರರಲ್ಲಿ ಒಂದು ಭಾಗದ್ದು. 0.5ರಲ್ಲಿ ಅಂಥ ಹತ್ತನೇ ಭಾಗಗಳು ಐದಿವೆ, 0.45ರಲ್ಲಿ ನಾಲ್ಕೇ.

ಪೇಪರಿನ ಮೇಲೆ ಮಾಡುವಾಗ ಬಾಲಕ್ಕೆ ಸೊನ್ನೆ ಸೇರಿಸಿ ಎಲ್ಲವನ್ನೂ ಒಂದೇ ಉದ್ದ ಮಾಡುವುದು ಒಳ್ಳೆಯದು. 0.5, 0.45, 0.405, 0.54 ಇದ್ದರೆ 0.500, 0.450, 0.405, 0.540 ಎಂದು ಬರೆಯಿರಿ. ಈಗ 405, 450, 500, 540 ಎಂದು ಕಣ್ಣಿಗೇ ಕಾಣುತ್ತದೆ. ಪೂರ್ಣಸಂಖ್ಯೆಯಲ್ಲಿ ಉದ್ದವಾದದ್ದು ದೊಡ್ಡದು ಎಂಬ ನಿಯಮ ಇಲ್ಲಿ ನಡೆಯುವುದಿಲ್ಲ. ಮಕ್ಕಳು ಎಡವುವುದು ಅಲ್ಲೇ: ಹಿಂದಿನ ವರ್ಷ ಕಷ್ಟಪಟ್ಟು ಕಲಿತ ನಿಯಮವೇ ಈ ವರ್ಷ ಕೈಕೊಡುತ್ತದೆ.

ಹಾಗಿದ್ರೆ ಪೈಥಾನ್ 3.10 ಯಾಕೆ 3.9ಕ್ಕಿಂತ ಹೊಸದು? 3.10 ಅಂದ್ರೆ 3.1 ತಾನೆ?

ಒಳ್ಳೆ ಪ್ರಶ್ನೆ. ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ. ಅದರ 3.9ನೇ ಆವೃತ್ತಿ ಬಂದದ್ದು 2020ರಲ್ಲಿ, 3.10 ಬಂದದ್ದು 2021ರಲ್ಲಿ. ಅಲ್ಲಿರುವ ಚುಕ್ಕೆ ದಶಮಾಂಶದ ಚುಕ್ಕೆಯೇ ಅಲ್ಲ. ಅದು ಬೇಲಿ. ಬೇಲಿಯ ಆಚೆ ಒಂದು ಪೂರ್ಣಸಂಖ್ಯೆ, ಈಚೆ ಇನ್ನೊಂದು. ಒಂಬತ್ತಾದ ಮೇಲೆ ಹತ್ತು ಬರುತ್ತದೆ, ಅಷ್ಟೇ. ಪುಸ್ತಕದ ಅಧ್ಯಾಯ 3.9, 3.10 ಎಂದು ಹೋಗುವುದೂ ಹೀಗೆಯೇ. ಒಂದೇ ಬರಹ, ದಶಮಾಂಶವಾದರೆ ಒಂದು ಕ್ರಮ, ಆವೃತ್ತಿಯಾದರೆ ಇನ್ನೊಂದು. ಜೋಡಿಸಲು ಕೂರುವ ಮೊದಲು 'ಈ ಸಂಖ್ಯೆ ಏನನ್ನು ಹೇಳುತ್ತಿದೆ' ಎಂದು ಕೇಳಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಮುಂದೆ ಬರುವ ಅರ್ಧ ತೊಂದರೆಗಳು ಆ ಪ್ರಶ್ನೆ ಕೇಳದೇ ಇದ್ದದ್ದರಿಂದ ಆಗುವಂಥವು.

ಭಿನ್ನರಾಶಿ ಕೊಟ್ಟರೆ ಲ.ಸಾ.ಅ. ತೆಗೀಲೇಬೇಕಾ?

ಬೇಕಿಲ್ಲ. ತೆಗೆದರೆ ತಪ್ಪೂ ಇಲ್ಲ, ಆದರೆ ಅದಕ್ಕೂ ಮೊದಲು ಪಟ್ಟಿಯನ್ನು ಒಮ್ಮೆ ದಿಟ್ಟಿಸಿ ನೋಡಿ. 5/6, 3/7, 7/8, 4/9 ಇವೆ ಎನ್ನಿ. ಲ.ಸಾ.ಅ. 504 ಬರುತ್ತದೆ, ಯಾರಿಗೆ ಬೇಕು ಆ ಸಹವಾಸ! ಅರ್ಧವನ್ನು ಗಡಿಕಲ್ಲು ಮಾಡಿಕೊಳ್ಳಿ. 3/7 ಮತ್ತು 4/9 ಅರ್ಧಕ್ಕಿಂತ ಕಡಿಮೆ, ಉಳಿದೆರಡು ಜಾಸ್ತಿ. ಚಿಕ್ಕವೆರಡನ್ನು ಅಡ್ಡಗುಣಾಕಾರ ಮಾಡಿ: 3 × 9 = 27, 4 × 7 = 28. ಹಾಗಾಗಿ 4/9 ದೊಡ್ಡದು, ಕೂದಲೆಳೆಯಷ್ಟು. ದೊಡ್ಡವೆರಡಕ್ಕೆ ಅದೂ ಬೇಡ. 5/6ಕ್ಕೆ ಒಂದಾಗಲು 1/6 ಬೇಕು, 7/8ಕ್ಕೆ 1/8 ಸಾಕು. ಕೊರತೆ ಕಡಿಮೆ ಇರುವುದೇ ದೊಡ್ಡದು. ಉತ್ತರ: 3/7 < 4/9 < 5/6 < 7/8.

ಮೇಲಿನ ಸಂಖ್ಯೆ ಎಲ್ಲದರಲ್ಲೂ ಒಂದೇ ಇದ್ದರೆ ಕೆಳಗಿನದು ದೊಡ್ಡದಾದಷ್ಟೂ ಭಿನ್ನರಾಶಿ ಚಿಕ್ಕದು. 3/8 ಎಂಬುದು 3/5ಕ್ಕಿಂತ ಕಡಿಮೆ.

ವರ್ಗಮೂಲ, ಘಾತ ಬಂದರೆ ಕ್ಯಾಲ್ಕುಲೇಟರ್ ಇಲ್ಲದೆ ಆಗುತ್ತಾ?

ಎಷ್ಟೋ ಸಲ ಆಗುತ್ತದೆ. 7 ಮತ್ತು 5√2ರಲ್ಲಿ ಯಾವುದು ದೊಡ್ಡದು? ಎರಡನ್ನೂ ವರ್ಗ ಮಾಡಿ: 49 ಮತ್ತು 50. ಎರಡೂ ಧನ ಸಂಖ್ಯೆಗಳಾದ್ದರಿಂದ ಕ್ರಮ ಬದಲಾಗುವುದಿಲ್ಲ, 5√2 ದೊಡ್ಡದು. 2³⁰ ಮತ್ತು 3²⁰ ಬಂದರೆ ಘಾತವನ್ನು ಸಮ ಮಾಡಿ. ಮೊದಲನೆಯದು ಎಂಟರ ಹತ್ತನೇ ಘಾತ, ಎರಡನೆಯದು ಒಂಬತ್ತರ ಹತ್ತನೇ ಘಾತ. ಎರಡನೆಯದೇ ದೊಡ್ಡದು.

ಮೀಟರ್, ಕಿಲೋಮೀಟರ್ ಎಲ್ಲ ಬೆರೆತಿದ್ದರೆ?

ಎಲ್ಲವನ್ನೂ ಒಂದೇ ಅಳತೆಗೆ ತಂದ ಮೇಲೆಯೇ ಜೋಡಿಸುವ ಮಾತು. 1.2 ಕಿಲೋಮೀಟರ್, 950 ಮೀಟರ್, 1,15,000 ಸೆಂಟಿಮೀಟರ್ ಎಂದರೆ 1,200, 950, 1,150 ಮೀಟರ್. ನೋಡಲು ಭಾರೀ ಕಂಡದ್ದು ನಡುವೆ ಬಂದು ಕೂತಿತು. ಉತ್ತರ ಬರೆಯುವಾಗ ಕೊಟ್ಟ ರೂಪದಲ್ಲೇ ಬರೆಯಿರಿ.

ರ್ಯಾಂಕ್ ಲಿಸ್ಟ್ ಏರಿಕೆನಾ ಇಳಿಕೆನಾ?

ಎರಡೂ! ಅಂಕಗಳು ಇಳಿಕೆಯಲ್ಲಿ, ರ್ಯಾಂಕ್ ಏರಿಕೆಯಲ್ಲಿ. ಓಟದ ಪಂದ್ಯವಾದರೆ ತೆಗೆದುಕೊಂಡ ಸಮಯವೂ ಏರಿಕೆಯಲ್ಲಿರುತ್ತದೆ, ಕಡಿಮೆ ಸಮಯದವರೇ ಮೊದಲಿಗರು. ಇಬ್ಬರಿಗೆ ಸಮ ಅಂಕ ಬಂದರೆ 1, 2, 2, 4 ಎಂದು ಕೊಡುವುದು ಒಂದು ಪದ್ಧತಿ, 1, 2, 2, 3 ಇನ್ನೊಂದು. ಯಾವುದನ್ನು ಬಳಸುತ್ತೀರಿ ಎಂದು ಮೊದಲೇ ಹೇಳಿಬಿಟ್ಟರೆ ಜಗಳ ಇರುವುದಿಲ್ಲ.

## ಕಂಪ್ಯೂಟರ್ ಮುಂದೆ ಕೂತಾಗ

ನನ್ನ ಪಟ್ಟಿ 1, 10, 11, 2, 20, 3 ಅಂತ ಬರ್ತಿದೆ. ಕಂಪ್ಯೂಟರಿಗೆ ಲೆಕ್ಕ ಬರಲ್ವಾ?

ಬರುತ್ತದೆ. ಆದರೆ ಅದಕ್ಕೆ ನೀವು ಕೊಟ್ಟದ್ದು ಸಂಖ್ಯೆ ಎಂದು ಗೊತ್ತಿಲ್ಲ. ಅದು ಪದ ಎಂದುಕೊಂಡಿದೆ. ನಿಘಂಟಿನಲ್ಲಿ ಪದಗಳನ್ನು ಜೋಡಿಸುವಾಗ ಉದ್ದ ನೋಡುವುದಿಲ್ಲ, ಮೊದಲ ಅಕ್ಷರದಿಂದ ನೋಡುತ್ತಾ ಬರುತ್ತೇವೆ. 10ರ ಮೊದಲ 'ಅಕ್ಷರ' 1. ಅದು 2ಕ್ಕಿಂತ ಮುಂಚೆ. ಕಥೆ ಮುಗಿಯಿತು.

ಸ್ಪ್ರೆಡ್‌ಶೀಟಿನಲ್ಲಿ ಪತ್ತೆ ಮಾಡುವುದು ಸುಲಭ. ನೀವು ಏನೂ ಬದಲಿಸದಿದ್ದರೆ ನಿಜವಾದ ಸಂಖ್ಯೆ ಸೆಲ್ಲಿನ ಬಲಕ್ಕೆ ಅಂಟಿಕೊಂಡಿರುತ್ತದೆ, ಪದ ಎಡಕ್ಕೆ. ಎಡಕ್ಕೆ ನಿಂತ ಸಂಖ್ಯೆ ಕಂಡರೆ ಅನುಮಾನ ಪಡಿ. ಹಿಂದೆ ಮುಂದೆ ಒಂದು ಖಾಲಿ ಜಾಗ ಸೇರಿಕೊಂಡಿರಬಹುದು. ಕಾಲಂ ಅನ್ನು ಸಂಖ್ಯೆಯಾಗಿ ಬದಲಿಸಿ ಮತ್ತೆ ಸಾರ್ಟ್ ಮಾಡಿ. ಫೈಲುಗಳ ಹೆಸರಿಗೆ 01, 02 ಎಂದು ಮುಂದೆ ಸೊನ್ನೆ ಇಡುವುದು ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಕೋಡ್ ಬರೆಯುವವರಿಗೆ: ಜಾವಾಸ್ಕ್ರಿಪ್ಟಿನ ಸಾರ್ಟ್, ಹೇಗೆ ಹೋಲಿಸಬೇಕೆಂದು ನೀವು ಹೇಳದಿದ್ದರೆ, ಸಂಖ್ಯೆಗಳನ್ನೂ ಪದದ ಹಾಗೆಯೇ ಜೋಡಿಸುತ್ತದೆ. ಇದಕ್ಕೆ ಸಿಕ್ಕಿಬೀಳದವರನ್ನು ನಾನು ಕಂಡಿಲ್ಲ.

ಸಾರ್ಟ್ ಒತ್ತಿದ ಮೇಲೆ ಎಲ್ಲ ಅದಲು ಬದಲಾಯ್ತು. ಏನಾಗಿದೆ?

ಒಂದೇ ಕಾಲಂ ಆರಿಸಿ ಸಾರ್ಟ್ ಮಾಡಿದ್ದೀರಿ. ಅಂಕಗಳು ಮಾತ್ರ ಜಾಗ ಬದಲಿಸಿವೆ, ಹೆಸರುಗಳು ಇದ್ದಲ್ಲೇ ಇವೆ. ಈಗ ಯಾರ ಅಂಕ ಯಾರಿಗೋ ಹೋಗಿದೆ. ನಾನೂ ಒಮ್ಮೆ ಹೀಗೆ ಮಾಡಿ, ಸೇವ್ ಕೂಡ ಮಾಡಿ, ಮುಚ್ಚಿಬಿಟ್ಟಿದ್ದೆ. ನೋಡಿದರೆ ಪಟ್ಟಿ ಅಚ್ಚುಕಟ್ಟಾಗಿ ಇಳಿಕೆಯಲ್ಲಿತ್ತು. ಮಾರನೇ ದಿನ ಒಬ್ಬ ಹುಡುಗ ಬಂದು 'ನಾನು ಆ ಪರೀಕ್ಷೆಗೆ ಬಂದೇ ಇರಲಿಲ್ಲ, ನನಗೆ ಹೇಗೆ 91?' ಎಂದು ಕೇಳಿದ. ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತು ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ.

ತಕ್ಷಣ ಗೊತ್ತಾದರೆ ಕಂಟ್ರೋಲ್ ಜೆಡ್ ಒತ್ತಿ. ಮುಂದಿನ ಸಲ ಇಡೀ ಪಟ್ಟಿ ಆರಿಸಿಕೊಂಡು, ಯಾವ ಕಾಲಂ ಪ್ರಕಾರ ಎಂದು ಹೇಳಿ. ನಾನಂತೂ ಈಗ ಮೊದಲ ಕಾಲಮಿನಲ್ಲಿ 1, 2, 3 ಎಂದು ಕ್ರಮಸಂಖ್ಯೆ ಹಾಕದೆ ಸಾರ್ಟ್ ಮುಟ್ಟುವುದಿಲ್ಲ. ಏನೇ ಆದರೂ ಆ ಕಾಲಂ ಪ್ರಕಾರ ಮತ್ತೊಮ್ಮೆ ಜೋಡಿಸಿದರೆ ಸಾಲುಗಳು ಹಳೇ ಜಾಗಕ್ಕೆ ಬರುತ್ತವೆ. ಆದರೆ ಒಂದೇ ಕಾಲಂ ಸಾರ್ಟ್ ಮಾಡಿದ ತಪ್ಪಿಗೆ ಇದು ಮದ್ದಲ್ಲ. ಅದಕ್ಕೆ ಕಾಪಿ ಇಟ್ಟುಕೊಳ್ಳುವುದೊಂದೇ ದಾರಿ.

ದಿನಾಂಕಗಳು ಸರಿಯಾಗಿ ಜೋಡಣೆ ಆಗ್ತಿಲ್ಲ.

05-11-2023 ಎಂದು ದಿನ ಮೊದಲು ಬರೆದಿದ್ದರೆ, ಪದವಾಗಿ ಜೋಡಿಸುವಾಗ ಎಲ್ಲ ವರ್ಷದ ಐದನೇ ತಾರೀಖುಗಳೂ ಒಟ್ಟಿಗೆ ಬರುತ್ತವೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಿರಿ: 2023-11-05. ದೊಡ್ಡ ಅಳತೆ ಮೊದಲು ಬಂದದ್ದರಿಂದ ಪದವಾಗಿ ಜೋಡಿಸಿದರೂ ಸಂಖ್ಯೆಯಾಗಿ ಜೋಡಿಸಿದರೂ ಕ್ರಮ ಒಂದೇ. 1988ರಲ್ಲಿ ಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ ಇದೇ ರೂಪವನ್ನು.

ಕನ್ನಡ ಅಂಕಿಯಲ್ಲಿ ಬರೆದರೆ ಸಾರ್ಟ್ ಆಗುತ್ತಾ?

ಯೂನಿಕೋಡಿನಲ್ಲಿ, ಅಂದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಕಂಪ್ಯೂಟರ್ ಪದ್ಧತಿಯಲ್ಲಿ, ೦ಯಿಂದ ೯ರವರೆಗೆ ಕ್ರಮವಾಗಿಯೇ ಜಾಗ ಕೊಟ್ಟಿದ್ದಾರೆ. ಹಾಗಾಗಿ ಒಂದೊಂದೇ ಅಂಕಿ ಇದ್ದರೆ ಸರಿಯಾಗಿ ಕೂರುತ್ತವೆ. ತಂತ್ರಾಂಶ ಅವನ್ನು ಪದ ಎಂದು ಓದಿದರೆ ೧೦ ಬಂದು ೯ರ ಮುಂದೆ ನಿಲ್ಲುತ್ತದೆ, ಮೇಲೆ ಹೇಳಿದ ಅದೇ ಕಾಯಿಲೆ. ಪೈಥಾನಿನಲ್ಲಿ '೧೨' ಎಂಬುದನ್ನು ಪೂರ್ಣಸಂಖ್ಯೆಯಾಗಿ ಬದಲಿಸಲು ಹೇಳಿದರೆ ಸರಿಯಾಗಿ 12 ಕೊಡುತ್ತದೆ. ಒಂದೇ ಕಾಲಮಿನಲ್ಲಿ ಎರಡೂ ಬಗೆಯ ಅಂಕಿ ಬೆರೆಸದಿದ್ದರೆ ಒಳ್ಳೆಯದು.

## ಒಳಗೆ ಏನು ನಡೆಯುತ್ತದೆ

ಕಂಪ್ಯೂಟರ್ ಒಂದು ಸಲ ನೋಡಿ ಜೋಡಿಸಿಬಿಡುತ್ತಾ?

ಇಲ್ಲ. ಅದಕ್ಕೆ ಇಡೀ ಪಟ್ಟಿ ಒಟ್ಟಿಗೆ ಕಾಣುವುದಿಲ್ಲ. ಎರಡೆರಡನ್ನೇ ಹೋಲಿಸುತ್ತದೆ. ಅತಿ ಸರಳವಾದದ್ದು ಬಬಲ್ ಸಾರ್ಟ್. 5, 1, 4, 2 ತೆಗೆದುಕೊಳ್ಳಿ. ಪಕ್ಕದವನ್ನು ಹೋಲಿಸಿ, ಎಡಗಡೆಯದು ದೊಡ್ಡದಿದ್ದರೆ ಅದಲು ಬದಲು ಮಾಡಿ. 5 ಮತ್ತು 1 ಬದಲು: 1, 5, 4, 2. 5 ಮತ್ತು 4 ಬದಲು: 1, 4, 5, 2. 5 ಮತ್ತು 2 ಬದಲು: 1, 4, 2, 5. ದೊಡ್ಡದು ಗುಳ್ಳೆಯ ಹಾಗೆ ತುದಿಗೆ ಬಂತು. ಮತ್ತೆ ಮೊದಲಿಂದ: 1 ಮತ್ತು 4 ಸರಿಯಿವೆ, 4 ಮತ್ತು 2 ಬದಲು. 1, 2, 4, 5. ಆಯಿತು.

ಹತ್ತು ಸಂಖ್ಯೆಗೆ ಇದು ಹೆಚ್ಚೆಂದರೆ 45 ಹೋಲಿಕೆ ಮಾಡುತ್ತದೆ. ನೂರಕ್ಕೆ 4,950. ಹತ್ತು ಲಕ್ಷ ಸಂಖ್ಯೆಗೆ ಸುಮಾರು 50 ಸಾವಿರ ಕೋಟಿ! 2007ರಲ್ಲಿ ಬರಾಕ್ ಒಬಾಮ ಗೂಗಲ್ ಕಚೇರಿಗೆ ಹೋದಾಗ, ಹತ್ತು ಲಕ್ಷ ಸಂಖ್ಯೆ ಜೋಡಿಸಲು ಒಳ್ಳೆ ದಾರಿ ಯಾವುದೆಂದು ಗೂಗಲ್‌ನ ಆಗಿನ ಸಿಇಒ ಎರಿಕ್ ಶ್ಮಿಟ್ ತಮಾಷೆಗೆ ಕೇಳಿದರು. ಬಬಲ್ ಸಾರ್ಟ್ ಅಂತೂ ತಪ್ಪು ದಾರಿ ಎಂದು ಒಬಾಮ ಉತ್ತರ ಕೊಟ್ಟರು. ಸರಿಯಾದ ಉತ್ತರವೇ.

ಮತ್ತೆ ಸರಿ ದಾರಿ ಯಾವುದು?

ನನಗೆ ಇಷ್ಟವಾದದ್ದು ಮರ್ಜ್ ಸಾರ್ಟ್. 1945ರಲ್ಲಿ ಗಣಿತಜ್ಞ ಜಾನ್ ವಾನ್ ನಾಯ್ಮನ್ ರೂಪಿಸಿದ್ದು. ಜೋಡಿಸಿದ ಎರಡು ಪಟ್ಟಿಗಳನ್ನು ಸೇರಿಸುವುದು ಬಹಳ ಸುಲಭ ಎಂಬುದೇ ಇದರ ಗುಟ್ಟು. 3, 8, 15 ಒಂದು ಕಡೆ, 5, 6, 20 ಇನ್ನೊಂದು ಕಡೆ. ಎರಡರ ತಲೆಯನ್ನು ಮಾತ್ರ ನೋಡಿ, ಚಿಕ್ಕದನ್ನು ಎತ್ತಿಡಿ: 3, ಆಮೇಲೆ 5, 6, 8, 15, 20. ಹಿಂದೆ ತಿರುಗಿ ನೋಡುವ ಹಾಗಿಲ್ಲ. ಇಡೀ ಪಟ್ಟಿಯನ್ನು ಅರ್ಧ, ಅರ್ಧದಲ್ಲಿ ಅರ್ಧ ಎಂದು ಒಡೆಯುತ್ತಾ ಒಂದೊಂದೇ ಸಂಖ್ಯೆ ಉಳಿಯುವ ತನಕ ಹೋಗಿ, ಹೀಗೆ ಸೇರಿಸುತ್ತಾ ಬಂದರೆ ಮುಗಿಯಿತು. ಹತ್ತು ಲಕ್ಷಕ್ಕೆ ಸುಮಾರು 20 ಸುತ್ತು, ಒಟ್ಟು ಎರಡು ಕೋಟಿಯೊಳಗೆ ಹೋಲಿಕೆ. 50 ಸಾವಿರ ಕೋಟಿ ಎಲ್ಲಿ, ಎರಡು ಕೋಟಿ ಎಲ್ಲಿ!

ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1961ರಲ್ಲಿ ಪ್ರಕಟಿಸಿದ ಕ್ವಿಕ್‌ಸಾರ್ಟ್ ಕೂಡ ತುಂಬ ಬಳಕೆಯಲ್ಲಿದೆ. ಒಂದು ಸಂಖ್ಯೆಯನ್ನು ನಡುವೆ ಇಟ್ಟುಕೊಂಡು ಚಿಕ್ಕವನ್ನು ಎಡಕ್ಕೆ, ದೊಡ್ಡವನ್ನು ಬಲಕ್ಕೆ ತಳ್ಳುವುದು ಅದರ ರೀತಿ. ಪೈಥಾನಿಗಾಗಿ ಟಿಮ್ ಪೀಟರ್ಸ್ 2002ರಲ್ಲಿ ಬರೆದ ಟಿಮ್‌ಸಾರ್ಟ್, ಪಟ್ಟಿಯಲ್ಲಿ ಆಗಲೇ ಸರಿಯಾಗಿರುವ ತುಂಡುಗಳನ್ನು ಹುಡುಕಿ ಅದರ ಲಾಭ ಪಡೆಯುತ್ತದೆ.

ಹೋಲಿಸದೇ ಜೋಡಿಸಬಹುದು ಅಂತಾರೆ. ಅದ್ಹೇಗೆ?

ಇದನ್ನು ಕೈಯಲ್ಲಿ ಮಾಡಿಯೇ ನೋಡಬೇಕು. 52, 17, 41, 12, 47. ಮೊದಲು ಬಿಡಿ ಸ್ಥಾನದ ಅಂಕಿ ಮಾತ್ರ ನೋಡಿ ಗುಂಪು ಮಾಡಿ: 41, 52, 12, 17, 47. ಈಗ ಇದೇ ಕ್ರಮದಲ್ಲಿ ಎತ್ತಿಕೊಂಡು ಹತ್ತರ ಸ್ಥಾನದ ಪ್ರಕಾರ ಗುಂಪು ಮಾಡಿ: 12, 17, 41, 47, 52. 'ಯಾವುದು ದೊಡ್ಡದು' ಎಂದು ಎಲ್ಲೂ ಕೇಳಲಿಲ್ಲ, ನೋಡಿ. ಇದು ರೇಡಿಕ್ಸ್ ಸಾರ್ಟ್. ತೂತು ಹೊಡೆದ ರಟ್ಟಿನ ಕಾರ್ಡುಗಳ ಕಾಲದಲ್ಲಿ ಯಂತ್ರಗಳು ಕಾರ್ಡುಗಳನ್ನು ಜೋಡಿಸುತ್ತಿದ್ದದ್ದು ಹೀಗೆಯೇ.

ಬಿಡಿ ಸ್ಥಾನದಿಂದ ಶುರು ಮಾಡಿದ್ದು ಯಾಕೆ ಸರಿಹೋಯಿತು? ಎರಡನೇ ಸುತ್ತಿನಲ್ಲಿ 12 ಮತ್ತು 17 ಒಂದೇ ಗುಂಪಿಗೆ ಬಿದ್ದಾಗ, ಮೊದಲ ಸುತ್ತಿನಲ್ಲಿದ್ದ ಹಿಂದುಮುಂದು ಹಾಗೇ ಉಳಿಯಿತು. ಈ ಗುಣಕ್ಕೆ ಸ್ಟೇಬಲ್ ಎನ್ನುತ್ತಾರೆ. ಹೆಸರಿನ ಪ್ರಕಾರ ಜೋಡಿಸಿದ ಪಟ್ಟಿಯನ್ನು ಆಮೇಲೆ ಅಂಕದ ಪ್ರಕಾರ ಜೋಡಿಸಿದಾಗ, ಸಮ ಅಂಕದವರು ಹೆಸರಿನ ಕ್ರಮದಲ್ಲೇ ಉಳಿಯುವುದು ಇದರಿಂದಲೇ.

ಇನ್ನೂ ಜಾಣತನ ಮಾಡಿ ಹೋಲಿಕೆ ಕಡಿಮೆ ಮಾಡಕ್ಕಾಗಲ್ವಾ?

ಒಂದು ಮಿತಿ ಇದೆ. ಬೇರೆ ಬೇರೆಯಾದ ಐದು ಸಂಖ್ಯೆಗಳು 120 ಬಗೆಯಲ್ಲಿ ನಿಂತಿರಬಹುದು. ಒಂದು ಹೋಲಿಕೆಗೆ ಎರಡೇ ಉತ್ತರ. ಆರು ಹೋಲಿಕೆಯಿಂದ ಹೆಚ್ಚೆಂದರೆ 64 ಬಗೆಗಳನ್ನು ಬೇರ್ಪಡಿಸಬಹುದು, ಸಾಲದು. ಏಳಾದರೆ 128. ಹಾಗಾಗಿ ಎಲ್ಲ ಸಂದರ್ಭಕ್ಕೂ ಆಗಬೇಕೆಂದರೆ ಏಳಕ್ಕಿಂತ ಕಡಿಮೆಯಲ್ಲಿ ಯಾರಿಂದಲೂ ಆಗುವುದಿಲ್ಲ. ಏಳರಲ್ಲಿ ಮುಗಿಸುವ ದಾರಿ ಇದೆ. ಬಿಡುವಿದ್ದಾಗ ಹುಡುಕಿ, ಎಂಟರಲ್ಲಿ ಬೇಗ ಸಿಗುತ್ತದೆ, ಏಳು ಸ್ವಲ್ಪ ಆಟ ಆಡಿಸುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಜೋಡಿಸಿ ಸಿಗೋದಾದ್ರೂ ಏನು?

ಹುಡುಕಾಟ ಸುಲಭವಾಗುತ್ತದೆ. ಜೋಡಿಸಿದ ಹತ್ತು ಲಕ್ಷ ಸಂಖ್ಯೆಗಳಲ್ಲಿ ಒಂದನ್ನು ಹುಡುಕಲು ನಡುವೆ ತೆರೆದು, ಅರ್ಧ ಬಿಟ್ಟು, ಮತ್ತೆ ನಡುವೆ ತೆರೆದು ಹೋದರೆ 20 ಸಲ ನೋಡಿದರೆ ಸಾಕು. ಮಧ್ಯಾಂಕ, ಅಂದರೆ ಸರಿಯಾಗಿ ನಡುವೆ ಬರುವ ಸಂಖ್ಯೆ, ಸಿಗುತ್ತದೆ. ಎರಡೆರಡು ಸಲ ಬಂದವು ಪಕ್ಕಪಕ್ಕ ಬಂದು ಸಿಕ್ಕಿಬೀಳುತ್ತವೆ. ಆದರೆ ನಿಮಗೆ ಬೇಕಾದದ್ದು ಎಲ್ಲಕ್ಕಿಂತ ದೊಡ್ಡದೊಂದೇ ಆದರೆ ಜೋಡಿಸಲು ಹೋಗಬೇಡಿ. ಪಟ್ಟಿಯನ್ನು ಒಂದು ಸಲ ಓದಿ, ಸಾಕು.

ಎಲ್ಲ ಸಂಖ್ಯೆಗಳನ್ನೂ ಏರಿಕೆಯಲ್ಲಿ ಇಡಬಹುದಾ?

ಇಲ್ಲ. -1ರ ವರ್ಗಮೂಲವನ್ನು ಗಣಿತದಲ್ಲಿ ಐ ಎನ್ನುತ್ತಾರೆ. ಅದು ಸೊನ್ನೆಗಿಂತ ದೊಡ್ಡದು ಅಂದುಕೊಳ್ಳಿ. ಧನ ಸಂಖ್ಯೆಯನ್ನು ಧನ ಸಂಖ್ಯೆಯಿಂದ ಗುಣಿಸಿದರೆ ಧನವೇ ಬರಬೇಕು, ಬಂದದ್ದು -1. ಸೊನ್ನೆಗಿಂತ ಚಿಕ್ಕದು ಅಂದುಕೊಳ್ಳಿ. ಋಣವನ್ನು ಋಣದಿಂದ ಗುಣಿಸಿದರೂ ಧನವೇ ಬರಬೇಕು, ಮತ್ತೆ -1. ಅದು ಸೊನ್ನೆಯಂತೂ ಅಲ್ಲ. ಅದಕ್ಕೆ ರೇಖೆಯ ಮೇಲೆ ಜಾಗವೇ ಇಲ್ಲ.

ಅಷ್ಟು ದೂರ ಹೋಗುವುದೂ ಬೇಡ, ದಿಕ್ಕುಗಳನ್ನೇ ನೋಡಿ. 350 ಡಿಗ್ರಿ ಮತ್ತು 10 ಡಿಗ್ರಿ. ಪಟ್ಟಿಯಲ್ಲಿ ಒಂದು ಆ ತುದಿಗೆ, ಇನ್ನೊಂದು ಈ ತುದಿಗೆ. ದಿಕ್ಸೂಚಿಯಲ್ಲಿ ಎರಡೂ ಉತ್ತರದ ಅಕ್ಕಪಕ್ಕ, ನಡುವೆ ಬರೀ 20 ಡಿಗ್ರಿ.